ದಿಕ್ಕು ತಪ್ಪಿದಾಗ ತಪ್ಪುವುದು ಯಾವುದು?

ಇಂದಿನ ಕನ್ನಡದಲ್ಲಿ ‘ದಿಗ್ಭ್ರಮೆ’ ಎಂಬ ಪದ ಅನಿರೀಕ್ಷಿತ ಸುದ್ದಿಯಿಂದ ಮಾತು ಕಟ್ಟಿಹೋಗುವ ಸ್ಥಿತಿಯನ್ನು ಸೂಚಿಸುತ್ತದೆ. ಯಾರಾದರೊಬ್ಬ ಗಣ್ಯರು ಯಾವುದಾದರೊಂದಕ್ಕೆ ದಿಗ್ಭ್ರಮೆ ವ್ಯಕ್ತಪಡಿಸದ ದಿನಪತ್ರಿಕೆ ಸಿಗುವುದು ಕಷ್ಟ. ದರ್ಶನಗ್ರಂಥಗಳಲ್ಲಿ ಮಾತ್ರ ಈ ಪದ ತನ್ನ ಅಕ್ಷರಾರ್ಥವನ್ನು ಉಳಿಸಿಕೊಂಡಿದೆ: ಅಲ್ಲಿ ಅದು ಪೂರ್ವವನ್ನು ಪಶ್ಚಿಮವೆಂದೋ ಉತ್ತರವನ್ನು ದಕ್ಷಿಣವೆಂದೋ ತಿಳಿಯುವ, ದಿಕ್ಕಿಗೇ ಸಂಬಂಧಿಸಿದ ಭ್ರಮೆ. ಸಾಂಖ್ಯಸೂತ್ರಗಳ ಮೊದಲ ಅಧ್ಯಾಯದಲ್ಲಿ ಅವಿವೇಕವು ಬರಿಯ ಯುಕ್ತಿಯಿಂದ ತೊಲಗದು, ನೇರವಾದ ಅರಿವಿನಿಂದ ಮಾತ್ರ ತೊಲಗುತ್ತದೆ ಎಂಬುದಕ್ಕೆ ದಿಕ್ಕು ತಪ್ಪಿದವನೇ ದೃಷ್ಟಾಂತ. ಶಂಕರಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಆತ್ಮಬೋಧದಲ್ಲಿಯೂ ‘ನಾನು, ನನ್ನದು’ ಎಂಬ ಅಜ್ಞಾನವು ತತ್ತ್ವದ ಅನುಭವದಿಂದ ಅಳಿಯುವುದನ್ನು ದಿಗ್ಭ್ರಮೆ ಅಳಿಯುವುದಕ್ಕೆ ಹೋಲಿಸಲಾಗಿದೆ. ಹಗ್ಗದಲ್ಲಿ ಕಂಡ ಹಾವಿಗೂ ಚಿಪ್ಪಿನಲ್ಲಿ ಕಂಡ ಬೆಳ್ಳಿಗೂ ವ್ಯಾಖ್ಯಾನಕಾರರು ಸಾವಿರಾರು ಪುಟಗಳನ್ನು ಮೀಸಲಿಟ್ಟಿದ್ದರೆ, ಈ ಮೂರನೆಯ ದೃಷ್ಟಾಂತ ಒಂದು ಸಮಾಸಪದದಷ್ಟೇ ಜಾಗ ಪಡೆದು ಬದಿಗೆ ಸರಿದಿದೆ. ತಾತ್ತ್ವಿಕವಾಗಿ ಮೂರರಲ್ಲಿ ಹೆಚ್ಚು ವಿಚಿತ್ರವಾದದ್ದು ಇದೇ ಆಗಿದ್ದರೂ ಅದಕ್ಕೆ ತಕ್ಕ ವಿಚಾರಣೆ ದೊರೆತಿಲ್ಲ.

ವಿಚಿತ್ರವೇಕೆಂದರೆ, ಹಗ್ಗ–ಹಾವಿನ ಪ್ರಸಂಗದಲ್ಲಿ ಒಂದು ವಸ್ತು ಇನ್ನೊಂದಾಗಿ ತೋರುತ್ತದೆ; ದೀಪ ತಂದರೆ ಹಾವು ಇಲ್ಲವಾಗುತ್ತದೆ. ದಿಗ್ಭ್ರಮೆಯಲ್ಲಿ ಯಾವ ವಸ್ತುವೂ ತಪ್ಪಾಗಿ ತೋರುವುದಿಲ್ಲ. ಎದುರಿನ ಅಂಗಡಿ ಅಂಗಡಿಯಾಗಿಯೇ, ಮರ ಮರವಾಗಿಯೇ, ಅವುಗಳ ನಡುವಿನ ದೂರ ಇದ್ದಷ್ಟೇ ಆಗಿ ಕಾಣುತ್ತದೆ. ಆದರೆ ಇಡೀ ದೃಶ್ಯವೇ ಯಾರೋ ಬೀಸುವ ಕಲ್ಲನ್ನು ಅರ್ಧಸುತ್ತು ತಿರುಗಿಸಿ ನಿಲ್ಲಿಸಿದಂತೆ ಇರುತ್ತದೆ. ಫ್ರಾನ್ಸಿನ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ 1894ರಲ್ಲಿ ಇಂಥ ತಿರುಗುಮುರುಗಾದ ದಿಕ್ಕಿನ ಭ್ರಮೆಗಳನ್ನೇ ವಿಷಯವಾಗಿಟ್ಟುಕೊಂಡು ಒಂದು ಪ್ರಬಂಧ ಪ್ರಕಟಿಸಿದನು. ನಿದ್ದೆಯಲ್ಲಿ ಊರು ತಲುಪಿದ ಪ್ರಯಾಣಿಕ, ನೆಲದಡಿಯ ಮಾರ್ಗದಿಂದ ಮೇಲೆ ಬಂದವನು, ಪರಿಚಿತ ಬೀದಿಯನ್ನು ಅಪರಿಚಿತ ತುದಿಯಿಂದ ಪ್ರವೇಶಿಸಿದವನು, ಇವರೆಲ್ಲ ಬಲ್ಲ ಈ ಸ್ಥಿತಿಯಲ್ಲಿ ಸೂರ್ಯನನ್ನು ನೋಡಿ ‘ಇದು ಪಶ್ಚಿಮ’ ಎಂದು ತೀರ್ಮಾನಿಸಿದರೂ ಅದು ಪೂರ್ವವೆಂದೇ ಅನ್ನಿಸುತ್ತಿರುತ್ತದೆ. ಹಾಗಾದರೆ ದಿಕ್ಕು ತಪ್ಪಿದಾಗ ತಪ್ಪುವುದು ಯಾವುದು? ದೇಶ, ಅಂದರೆ ವಸ್ತುಗಳಿಗೆಲ್ಲ ಎಡೆಕೊಡುವ ಅವಕಾಶ, ಹೊರಗೆ ತನ್ನಷ್ಟಕ್ಕೆ ಇರುವುದಾದರೆ ಅದು ತಿರುಗಲಾರದು. ಅದು ಮನಸ್ಸಿನದೇ ರೂಪವಾದರೆ, ಮನಸ್ಸಿನ ರೂಪ ಯಾವುದಕ್ಕೆ ಹೋಲಿಸಿ ತಪ್ಪಾದೀತು?

ಈ ಪ್ರಶ್ನೆಯ ಬೀಜ ದಿಕ್ಕುಗಳ ಹೆಸರಿನಲ್ಲಿಯೇ ಇದೆ. ಸಂಸ್ಕೃತದ ‘ಪೂರ್ವ’ ಎಂದರೆ ಮುಂದಿನದು, ‘ಪಶ್ಚಿಮ’ ಎಂದರೆ ಹಿಂದಿನದು, ‘ದಕ್ಷಿಣ’ ಎಂದರೆ ಬಲಗಡೆಯದು. ಉದಯಸೂರ್ಯನಿಗೆ ಮುಖಮಾಡಿ ನಿಂತ ಒಂದು ದೇಹವಿಲ್ಲದೆ ಈ ಹೆಸರುಗಳಿಗೆ ಅರ್ಥವಿಲ್ಲ. ‘ಉತ್ತರ’ವೊಂದೇ ಮೇಲಿನದು ಎಂಬ ಅರ್ಥ ತಳೆದು ಈ ಗುಂಪಿನಿಂದ ಸ್ವಲ್ಪ ಹೊರಗುಳಿದಿದೆ. ಕನ್ನಡದ ಮೂಡಣವಾದರೋ ಸೂರ್ಯ ಮೂಡುವ ಕಡೆ, ಪಡುವಣ ಅವನು ಪಡುವ, ಎಂದರೆ ಮುಳುಗುವ ಕಡೆ. ನೋಡುವವನು ಯಾವ ಕಡೆ ಮುಖ ಮಾಡಿದ್ದಾನೆ, ಅಲ್ಲಿ ಯಾರಾದರೂ ಇದ್ದಾರೆಯೇ ಎಂಬುದು ಈ ಹೆಸರುಗಳಿಗೆ ಬೇಕಿಲ್ಲ. ದೇಹವನ್ನು ನಡುವಿಗಿಟ್ಟು ಸುತ್ತಲನ್ನು ಅಳೆಯುವ ಕ್ರಮ ಒಂದು, ಲೋಕದಲ್ಲಿಯೇ ಗುರುತು ನೆಟ್ಟು ದೇಹವನ್ನು ಅದರೊಳಗೆ ಇರಿಸುವ ಕ್ರಮ ಇನ್ನೊಂದು. ಮಿದುಳಿನ ವಿಜ್ಞಾನ ಇಂದು ಸ್ವಕೇಂದ್ರಿತ ಮತ್ತು ಲೋಕಕೇಂದ್ರಿತ ಎಂದು ಬೇರ್ಪಡಿಸುವ ಎರಡು ಚೌಕಟ್ಟುಗಳು ಇವೇ. ಕನ್ನಡಿಗರು ಎರಡನ್ನೂ ಬೆರೆಸಿ ಆಡುತ್ತ ಬಂದಿರುವುದರಿಂದ ಅವುಗಳ ಭೇದ ಕಿವಿಗೆ ತಾಗದಷ್ಟು ಸವೆದಿದೆ.

ವೈಶೇಷಿಕರು ಈ ವಿಚಾರದಲ್ಲಿ ಆಶ್ಚರ್ಯಪಡುವಷ್ಟು ಎಚ್ಚರದಿಂದ ನಡೆದವರು. ಅವರ ಒಂಬತ್ತು ದ್ರವ್ಯಗಳ ಪಟ್ಟಿಯಲ್ಲಿ ಆಕಾಶ ಬೇರೆ, ದಿಕ್ ಬೇರೆ: ಆಕಾಶವು ಶಬ್ದಗುಣಕ್ಕೆ ಆಶ್ರಯವಾದದ್ದು, ದಿಕ್ಕು ‘ಇದು ಹತ್ತಿರ, ಅದು ದೂರ’ ಎಂಬ ಪ್ರತೀತಿಗೆ ಕಾರಣವೆಂದು ಊಹಿಸಲ್ಪಡುವಂಥದು. ಅದು ಕಣ್ಣಿಗೆ ಕಾಣದು. ಅನುಮಾನದಿಂದ ಮಾತ್ರ ಸಿದ್ಧಿಸುತ್ತದೆ. ಅದು ಒಂದೇ, ನಿತ್ಯ, ಎಲ್ಲೆಡೆ ವ್ಯಾಪಿಸಿದ್ದು. ಪೂರ್ವ ಪಶ್ಚಿಮಗಳೆಂಬ ವಿಭಾಗ ಅದರ ಸ್ವಭಾವದಲ್ಲಿಲ್ಲ, ಸೂರ್ಯನ ಸಂಯೋಗವೆಂಬ ಉಪಾಧಿಯಿಂದ, ಅಂದರೆ ಹೊರಗಿನಿಂದ ಬಂದು ಅಂಟಿದ ನಿಮಿತ್ತದಿಂದ, ಒಂದೇ ದಿಕ್ಕು ಹತ್ತಾಗಿ ವ್ಯವಹಾರಕ್ಕೆ ಬರುತ್ತದೆ. ಚಾಲುಕ್ಯ, ಹೊಯ್ಸಳ ದೇಗುಲಗಳ ಭುವನೇಶ್ವರಿಯಲ್ಲಿ, ಅಂದರೆ ಒಳಛಾವಣಿಯಲ್ಲಿ, ಅಷ್ಟದಿಕ್ಪಾಲಕರು ತಮ್ಮ ವಾಹನಗಳೊಡನೆ ಒಬ್ಬೊಬ್ಬರೂ ತಮ್ಮ ಮೂಲೆ ಹಿಡಿದು ಕುಳಿತಿದ್ದಾರಷ್ಟೆ. ವೈಶೇಷಿಕನ ಲೆಕ್ಕದಲ್ಲಿ ಅವರೆಲ್ಲ ಒಬ್ಬನೇ ಯಜಮಾನನ ಎಂಟು ಮಂದಿ ಗುಮಾಸ್ತರು. ಹೀಗೆ ನೋಡಿದರೆ ದಿಗ್ಭ್ರಮೆಗೆ ಒಂದು ಉತ್ತರದ ಸುಳಿವು ಸಿಗುತ್ತದೆ: ತಪ್ಪುವುದು ದಿಕ್ಕೆಂಬ ದ್ರವ್ಯದ ಅರಿವಲ್ಲ, ಉಪಾಧಿಯೊಡನೆ ಅದರ ಜೋಡಣೆ.

ಯುರೋಪಿನಲ್ಲಿ ಇದೇ ಗಂಟನ್ನು ಬಿಚ್ಚಲು ಕುಳಿತವನು ಇಮ್ಯಾನುಯೆಲ್ ಕಾಂಟ್. ನ್ಯೂಟನ್ನನ ಮತದಲ್ಲಿ ದೇಶವು ವಸ್ತುಗಳಿಲ್ಲದೆಯೂ ಇರುವ ಸ್ವತಂತ್ರ ಸತ್ತೆ. ಲೈಬ್‌ನಿಟ್ಸನ ಮತದಲ್ಲಿ ಅದು ವಸ್ತುಗಳ ಪರಸ್ಪರ ಸಂಬಂಧಗಳ ಮೊತ್ತವೇ ಹೊರತು ಬೇರೇನಲ್ಲ. 1768ರ ಒಂದು ಚಿಕ್ಕ ಪ್ರಬಂಧದಲ್ಲಿ ಕಾಂಟ್ ಎಡಗೈ ಮತ್ತು ಬಲಗೈಗಳನ್ನು ಮುಂದಿಟ್ಟನು: ಎರಡರ ಅವಯವಗಳ ನಡುವಿನ ಸಂಬಂಧಗಳೆಲ್ಲ ಒಂದೇ ಆಗಿದ್ದರೂ ಎಡಗೈಯ ಕವಚ ಬಲಗೈಗೆ ಹೊಂದುವುದಿಲ್ಲವಾದ್ದರಿಂದ, ಸಂಬಂಧಗಳಾಚೆಗೂ ದಿಕ್ಕೆಂಬುದೊಂದಿದೆ ಎಂಬುದು ಅವನ ವಾದ. 1781ರ ‘ಶುದ್ಧ ತರ್ಕಬುದ್ಧಿಯ ವಿಮರ್ಶೆ’ಯ ಹೊತ್ತಿಗೆ ಅವನು ದೇಶವು ಹೊರಗಿನ ವಸ್ತುವೂ ಅಲ್ಲ, ಅನುಭವದಿಂದ ಹೆಕ್ಕಿದ ಸಾಮಾನ್ಯ ಕಲ್ಪನೆಯೂ ಅಲ್ಲ, ಹೊರಗಿನದನ್ನು ಗ್ರಹಿಸುವುದಕ್ಕೆ ಮುಂಚೆಯೇ ಮನಸ್ಸಿನಲ್ಲಿ ಸಿದ್ಧವಾಗಿರುವ ಗ್ರಹಣದ ಅಚ್ಚು ಎಂಬ ನಿಲುವಿಗೆ ಬಂದಿದ್ದನು. 1786ರಲ್ಲಿ ಬರೆದ ಇನ್ನೊಂದು ಲೇಖನ ಇವೆರಡಕ್ಕಿಂತ ಕಡಿಮೆ ಓದಲ್ಪಟ್ಟರೂ ಇಲ್ಲಿನ ವಿಷಯಕ್ಕೆ ಹೆಚ್ಚು ಹತ್ತಿರದ್ದು. ಪರಿಚಿತವಾದ ಕತ್ತಲ ಕೋಣೆಯಲ್ಲಿ ನೆನಪಿರುವ ಒಂದೇ ಒಂದು ವಸ್ತು ಕೈಗೆ ಸಿಕ್ಕರೆ ಸಾಕು, ಉಳಿದದ್ದೆಲ್ಲ ತನ್ನ ಜಾಗದಲ್ಲಿ ಬಂದು ಕೂರುತ್ತದೆ. ಆದರೆ ಯಾರಾದರೂ ಚೇಷ್ಟೆಗೆಂದು ಎಡಗಡೆಯದನ್ನೆಲ್ಲ ಬಲಕ್ಕೆ, ಬಲಗಡೆಯದನ್ನೆಲ್ಲ ಎಡಕ್ಕೆ ಸರಿಸಿಟ್ಟರೆ ವಸ್ತುಗಳಿಂದ ಸಹಾಯ ದೊರೆಯದು, ಆಗ ದಾರಿ ತೋರುವುದು ಎಡಬಲಗಳ ಭೇದದ ಒಳಗಿನ ಅನುಭವ ಮಾತ್ರ ಎಂದು ಅವನು ಅಲ್ಲಿ ಹೇಳುತ್ತಾನೆ. ಆ ಲೇಖನದ ಉದ್ದೇಶ ದಾರಿ ಹುಡುಕುವುದಲ್ಲ, ದೇವರ ವಿಷಯದಲ್ಲಿ ಬುದ್ಧಿ ಕತ್ತಲಲ್ಲಿರುವಾಗ ಹೇಗೆ ದಿಕ್ಕು ಹಿಡಿಯಬೇಕೆಂಬುದು. ಕೋಣೆ ಅದಕ್ಕೊಂದು ದೃಷ್ಟಾಂತ. ಸುಮಾರು ಎರಡು ನೂರು ವರ್ಷಗಳ ಅನಂತರ ಪ್ರಯೋಗಶಾಲೆಗಳಲ್ಲಿ ಅದೇ ಕೋಣೆಯನ್ನು ಕಟ್ಟಿ, ಅದೇ ಚೇಷ್ಟೆಯನ್ನು ಮಾಡಿ, ಒಳಗೆ ಇಲಿಯನ್ನು ಬಿಟ್ಟು ನೋಡಿದರು.

ಅದಕ್ಕೆ ಪೂರ್ವಭಾವಿಯಾಗಿ ಅಮೆರಿಕದ ಎಡ್ವರ್ಡ್ ಟೋಲ್ಮನ್ 1948ರಲ್ಲಿ, ಇಲಿ ಜಟಿಲದಾರಿಯೊಂದನ್ನು ಕಲಿಯುವಾಗ ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎಂಬ ಚಲನೆಗಳ ಸರಮಾಲೆಯನ್ನಷ್ಟೇ ಕಲಿಯುವುದಿಲ್ಲ, ಆ ಜಾಗದ ನಕ್ಷೆಯನ್ನೇ ತಲೆಯಲ್ಲಿ ರೂಪಿಸಿಕೊಳ್ಳುತ್ತದೆ ಎಂದು ವಾದಿಸಿದ್ದನು. ಅಂದಿನ ವರ್ತನಾವಾದಿಗಳಿಗೆ ಇದು ರುಚಿಸಲಿಲ್ಲ. 1971ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಜಾನ್ ಓಕೀಫ್ ಮತ್ತು ಜೊನಾಥನ್ ದೊಸ್ತ್ರೋವ್ಸ್ಕಿ ಓಡಾಡುವ ಇಲಿಯ ಹಿಪೊಕ್ಯಾಂಪಸ್ಸಿನಲ್ಲಿ, ಅಂದರೆ ಮಿದುಳಿನ ಇಕ್ಕೆಲಗಳ ಒಳಮಡಿಕೆಯಲ್ಲಿ ಕಡಲಕುದುರೆಯಂತೆ ಬಾಗಿರುವ ಭಾಗದಲ್ಲಿ, ಸೂಕ್ಷ್ಮ ತಂತಿಗಳನ್ನಿರಿಸಿ ನೋಡಿದಾಗ, ಕೆಲವು ನರಕೋಶಗಳು ಇಲಿ ಆವರಣದ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಮಿಡಿಯುವುದು ಕಂಡಿತು. ಇವನ್ನು ಸ್ಥಾನಕೋಶಗಳೆಂದು ಕರೆಯಬಹುದು. ಓಕೀಫ್ ಮತ್ತು ಲಿನ್ ನ್ಯಾಡಲ್ 1978ರಲ್ಲಿ ಹಿಪೊಕ್ಯಾಂಪಸ್ಸನ್ನು ಜ್ಞಾನದ ನಕ್ಷೆಯೆಂದು ಬಣ್ಣಿಸಿ ಬರೆದ ದೊಡ್ಡ ಗ್ರಂಥ ನರಕೋಶಗಳಿಂದಲ್ಲ, ನ್ಯೂಟನ್, ಲೈಬ್‌ನಿಟ್ಸ್, ಬರ್ಕ್ಲಿ, ಕಾಂಟರಿಂದ ಆರಂಭವಾಗುತ್ತದೆ. ತಾವು ಮುಟ್ಟಿರುವುದು ಯಾವ ಹಳೆಯ ಗಂಟನ್ನೆಂಬುದು ಅದರ ಲೇಖಕರಿಗೆ ಗೊತ್ತಿತ್ತು.

ಸ್ಥಾನಕೋಶಗಳಿಗಿಂತಲೂ ದಿಗ್ಭ್ರಮೆಯ ಪ್ರಶ್ನೆಗೆ ಹೆಚ್ಚು ನೇರವಾಗಿ ಸಂಬಂಧಿಸಿದವು, 1984ರಲ್ಲಿ ಜೇಮ್ಸ್ ರ್‍ಯಾಂಕ್ ವರದಿಮಾಡಿದ ಇನ್ನೊಂದು ಬಗೆಯ ಕೋಶಗಳು. ಇಲಿ ಎಲ್ಲಿಯೇ ಇರಲಿ, ಅದರ ತಲೆ ಒಂದು ನಿರ್ದಿಷ್ಟ ಕಡೆಗೆ ತಿರುಗಿದಾಗ ಮಾತ್ರ ಇವು ಮಿಡಿಯುತ್ತವೆ: ಒಂದು ಕೋಶಕ್ಕೆ ಒಂದು ಕಡೆ, ಇನ್ನೊಂದಕ್ಕೆ ಇನ್ನೊಂದು ಕಡೆ, ಎಲ್ಲ ಸೇರಿ ಪೂರ್ಣ ವೃತ್ತ. ಇವುಗಳಿಗೆ ಭೂಮಿಯ ಅಯಸ್ಕಾಂತದ ಸಂಬಂಧವಿಲ್ಲ; ಆವರಣದ ಗೋಡೆಯ ಮೇಲಿನ ಬಿಳಿಯ ಹಲಗೆಯಂಥ ಗುರುತನ್ನು ಹಿಡಿದು ಇವು ತಮ್ಮ ಪೂರ್ವವನ್ನು ನಿಶ್ಚಯಿಸುತ್ತವೆ. ಆ ಹಲಗೆಯನ್ನು ತೊಂಬತ್ತು ಡಿಗ್ರಿ ಸರಿಸಿದರೆ ಎಲ್ಲ ಕೋಶಗಳ ದಿಕ್ಕೂ ಬಹುಮಟ್ಟಿಗೆ ಅಷ್ಟೇ ಸರಿಯುತ್ತದೆ, ಸ್ಥಾನಕೋಶಗಳ ಜಾಗಗಳೂ ಜೊತೆಯಲ್ಲಿಯೇ ತಿರುಗುತ್ತವೆ. ಗುರುತುಗಳನ್ನೆಲ್ಲ ತೆಗೆದು ಕತ್ತಲಾಗಿಸಿದರೆ ಇಲಿ ತನ್ನ ತಿರುವುಗಳನ್ನು ಒಳಗಿವಿಯ ಸಮತೋಲನದ ಅಂಗದಿಂದ ಲೆಕ್ಕವಿಡುತ್ತ ಸ್ವಲ್ಪ ಹೊತ್ತು ದಿಕ್ಕು ಉಳಿಸಿಕೊಂಡು, ಕ್ರಮೇಣ ಜಾರುತ್ತದೆ. ಇಲ್ಲಿ ಗಮನಿಸಬೇಕಾದದ್ದು ಜಾರುವ ರೀತಿ: ಒಂದೊಂದು ಕೋಶವೂ ಒಂದೊಂದು ಕಡೆಗೆ ಚೆದರುವುದಿಲ್ಲ. ಇಡೀ ವೃತ್ತವೇ ಒಟ್ಟಿಗೆ ತಿರುಗುತ್ತದೆ. ಎರಡು ಕೋಶಗಳ ನಡುವಿನ ಕೋನ ಮೊದಲು ಎಷ್ಟಿತ್ತೋ ಭ್ರಮೆಯಲ್ಲಿಯೂ ಅಷ್ಟೇ ಇರುತ್ತದೆ. ಬಿನೆ ವರ್ಣಿಸಿದ ಅರ್ಧಸುತ್ತು ತಿರುಗಿದ ಲೋಕದಲ್ಲಿ ಯಾವ ವಸ್ತುವೂ ಏಕೆ ವಿಕಾರಗೊಳ್ಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ತೃಪ್ತಿಕರವಾದ ವಿವರಣೆ ಇದುವರೆಗೆ ಬಂದಿಲ್ಲ. ಚೌಕಟ್ಟು ಬೇರೆ, ಅದನ್ನು ಲೋಕಕ್ಕೆ ಕಟ್ಟಿಹಾಕುವ ಗೂಟ ಬೇರೆ. ದಿಕ್ಕು ತಪ್ಪಿದಾಗ ಗೂಟ ಕೀಳುತ್ತದೆ, ಚೌಕಟ್ಟು ಮುರಿಯುವುದಿಲ್ಲ.

ಕಾಂಟನ ಚೇಷ್ಟೆಯ ಕೋಣೆಗೆ ಹತ್ತಿರವಾದ ಪ್ರಯೋಗವನ್ನು ಕೆನ್ ಚೆಂಗ್ 1986ರಲ್ಲಿ ಪ್ರಕಟಿಸಿದನು. ಆಯತಾಕಾರದ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಆಹಾರವಿದ್ದುದನ್ನು ತಿಳಿದ ಇಲಿಯನ್ನು ದಿಕ್ಕು ತಪ್ಪಿಸಿ ಒಳಗೆ ಬಿಟ್ಟಾಗ, ಅದು ಸರಿಯಾದ ಮೂಲೆಯನ್ನೂ ಕರ್ಣರೇಖೆಯ ಎದುರು ಮೂಲೆಯನ್ನೂ ಹೆಚ್ಚುಕಡಮೆ ಸಮನಾಗಿ ಹುಡುಕಿತು. ಮೂಲೆಗಳಲ್ಲಿ ಬೇರೆ ಬೇರೆ ಗುರುತಿನ ಹಲಗೆಗಳಿದ್ದರೂ ಅವನ್ನು ಗಣನೆಗೆ ತಂದುಕೊಳ್ಳಲಿಲ್ಲ. ಉದ್ದಗೋಡೆ ಎಡಕ್ಕೆ, ಗಿಡ್ಡಗೋಡೆ ಬಲಕ್ಕೆ ಎಂಬ ಆಕೃತಿಯ ಅರಿವು ಉಳಿದು, ವಸ್ತುಗಳ ಗುರುತು ನಿರುಪಯುಕ್ತವಾಯಿತು. 1995ರಲ್ಲಿ ಜೇಮ್ಸ್ ನಿಯರಿಮ್ ಮತ್ತು ಸಹೋದ್ಯೋಗಿಗಳು ಇನ್ನೊಂದು ಸಂಗತಿಯನ್ನು ತೋರಿಸಿದರು: ಪ್ರತಿಸಲವೂ ದಿಕ್ಕು ತಪ್ಪಿಸಿಯೇ ಒಳಗೆ ಬಿಡಲ್ಪಟ್ಟ ಇಲಿಗಳಲ್ಲಿ ಬಿಳಿಯ ಹಲಗೆ ಕೋಶಗಳ ಮೇಲಿನ ಹಿಡಿತವನ್ನು ಬಹುಪಾಲು ಕಳೆದುಕೊಳ್ಳುತ್ತದೆ. ಒಳಗಿನ ದಿಕ್ಕಿಗೂ ಹೊರಗಿನ ಗುರುತಿಗೂ ತಾಳೆಯಾಗದ್ದನ್ನು ಮತ್ತೆ ಮತ್ತೆ ಕಂಡ ಮೇಲೆ ಅವುಗಳಿಗೆ ಆ ಗುರುತು ಸ್ಥಿರವಲ್ಲದ್ದಾಗಿ ತೋರಿತೆಂದು ಇದನ್ನು ಅರ್ಥೈಸಲಾಗುತ್ತದೆ. ನಂಬಲರ್ಹನಾದವನ ಮಾತನ್ನು ಮಾತ್ರ ಪ್ರಮಾಣವೆಂದು ಸ್ವೀಕರಿಸುವ ನೈಯಾಯಿಕರ ಆಪ್ತವಾಕ್ಯದ ನಿಯಮವನ್ನು ಇಲಿಯೂ ತನ್ನ ಮಟ್ಟಿಗೆ ಪಾಲಿಸುತ್ತದೆ ಎಂದರೆ ನೈಯಾಯಿಕರು ಮುನಿಯಲಾರರು.

2005ರಲ್ಲಿ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಮೇ-ಬ್ರಿಟ್ ಮೋಸರ್, ಎಡ್ವರ್ಡ್ ಮೋಸರ್ ಮತ್ತು ಅವರ ಶಿಷ್ಯರು ಹಿಪೊಕ್ಯಾಂಪಸ್ಸಿನ ಹೆಬ್ಬಾಗಿಲಿನಂತಿರುವ ಎಂಟೊರೈನಲ್ ಕಾರ್ಟೆಕ್ಸಿನಲ್ಲಿ ಜಾಲಕೋಶಗಳನ್ನು ಗುರುತಿಸಿದರು. ಇಂಥ ಒಂದು ಕೋಶ ಮಿಡಿಯುವ ಜಾಗಗಳನ್ನು ನೆಲದ ಮೇಲೆ ಗುರುತುಹಾಕುತ್ತ ಹೋದರೆ ಚುಕ್ಕಿ ರಂಗೋಲಿಯ ಹಾಗೆ ಸಮಬಾಹು ತ್ರಿಕೋನಗಳ ಜಾಲ ಮೂಡುತ್ತದೆ, ಮತ್ತು ಈ ರಂಗೋಲಿ ಕತ್ತಲಲ್ಲಿಯೂ ಅಳಿಸುವುದಿಲ್ಲ. ಓಕೀಫ್ ಮತ್ತು ಮೋಸರ್ ದಂಪತಿಗಳಿಗೆ 2014ರ ನೊಬೆಲ್ ಪ್ರಶಸ್ತಿ ಸಂದಿತು. ತತ್ತ್ವಶಾಸ್ತ್ರಕ್ಕೆ ಹೆಚ್ಚು ಬೇಕಾದ ಫಲಿತಾಂಶಗಳು ಬಂದದ್ದು ಮರಿಗಳ ಅಧ್ಯಯನದಿಂದ. 2010ರಲ್ಲಿ ಲಂಡನ್ ಮತ್ತು ಟ್ರಾಂಡ್‌ಹೈಮ್‌ನ ಎರಡು ತಂಡಗಳು, ಇಲಿಮರಿ ಮೊದಲ ಬಾರಿಗೆ ಗೂಡಿನಿಂದ ಹೊರಬರುವ ವೇಳೆಗೇ ಅದರ ದಿಕ್ಕಿನ ಕೋಶಗಳು ಬೆಳೆದ ಇಲಿಯವುಗಳಂತೆಯೇ ಇರುತ್ತವೆ, ಸ್ಥಾನಕೋಶಗಳು ಅನಂತರ ಪಕ್ವವಾಗುತ್ತವೆ, ಜಾಲಕೋಶಗಳು ಎಲ್ಲಕ್ಕಿಂತ ತಡವಾಗಿ ನೆಲೆಗೊಳ್ಳುತ್ತವೆ ಎಂದು ಪ್ರತ್ಯೇಕವಾಗಿ ತೋರಿಸಿದವು. 2015ರ ಅಧ್ಯಯನಗಳು ಇನ್ನೂ ಹಿಂದಕ್ಕೆ ಹೋಗಿ, ಮರಿ ಕಣ್ಣು ತೆರೆಯುವ ಮುನ್ನವೇ ದಿಕ್ಕಿನ ಕೋಶಗಳು ಪರಸ್ಪರ ಹೊಂದಿಕೊಂಡು ಮಿಡಿಯುತ್ತಿರುತ್ತವೆ, ಕಣ್ಣು ತೆರೆದ ಮೇಲೆ ಅವಕ್ಕೆ ಸ್ಥಿರವಾದ ಗೂಟ ಸಿಗುತ್ತದೆ ಎಂದು ಕಂಡುಕೊಂಡವು. ಲೋಕವನ್ನು ಒಮ್ಮೆಯೂ ನೋಡದ ಪ್ರಾಣಿಯಲ್ಲಿ ದಿಕ್ಕಿನ ವೃತ್ತ ಆಗಲೇ ತಿರುಗುತ್ತಿದೆ, ಯಾವ ದಿಕ್ಕಿಗೂ ಇನ್ನೂ ಕಟ್ಟಲ್ಪಡದೆ.

ಇದರಿಂದ ಕಾಂಟ್ ಗೆದ್ದನೆಂದು ಸಾರುವವರ ಅವಸರಕ್ಕೆ ಎರಡು ಅಡ್ಡಿಗಳಿವೆ. ಕಾಂಟ್ ಬೋಧಿಸಿದ್ದ ಕೋನಿಗ್ಸ್‌ಬರ್ಗ್‌ನಲ್ಲಿಯೇ ಪ್ರಾಧ್ಯಾಪಕನಾಗಿದ್ದ ಪ್ರಾಣಿವಿಜ್ಞಾನಿ ಕಾನ್ರಾಡ್ ಲೊರೆನ್ಸ್ 1941ರಲ್ಲಿ, ವ್ಯಕ್ತಿಯ ಅನುಭವಕ್ಕೆ ಪೂರ್ವವಾದದ್ದು ಕುಲದ ಅನುಭವಕ್ಕೆ ಪೂರ್ವವಾಗಿರಬೇಕಿಲ್ಲ ಎಂದು ವಾದಿಸಿದ್ದನು: ಮೀನಿನ ರೆಕ್ಕೆ ಮೊಟ್ಟೆಯೊಳಗೇ ರೂಪುಗೊಂಡರೂ ಆ ರೂಪ ಬಂದದ್ದು ನೀರು ಎಂಬುದೊಂದು ನಿಜವಾಗಿ ಇರುವುದರಿಂದಲೇ. ಆ ದೃಷ್ಟಿಯಲ್ಲಿ ಒಳಗಿನ ಅಚ್ಚು ಹೊರಗಿನ ದೇಶದ ನಿರಾಕರಣೆಯಲ್ಲ, ಅದರ ಗುರುತು. ಎರಡನೆಯ ಅಡ್ಡಿ ಇನ್ನೂ ಗಡುಸಾದದ್ದು. ಕಾಂಟನ ದೇಶ ಎಲ್ಲರಿಗೂ ಎಲ್ಲ ಕಾಲಕ್ಕೂ ಒಂದೇ ರೀತಿಯದು, ಅದರ ಜ್ಯಾಮಿತಿ ಅನಿವಾರ್ಯವಾದದ್ದು. ಮಿದುಳಿನ ಜಾಲವಾದರೋ ಆವರಣ ಚೌಕವಾಗಿರದೆ ಒಂದು ಕಡೆ ಕಿರಿದಾದ ಚತುರ್ಭುಜವಾಗಿದ್ದರೆ ತಾನೂ ಸೊಟ್ಟಗಾಗುತ್ತದೆ. ಅನಿವಾರ್ಯತೆ ಎಂಬ ಗುಣವೇ ಅದಕ್ಕಿಲ್ಲ. ಓಕೀಫ್ ಕಂಡದ್ದು ಕಾಂಟನ ದೇಶವನ್ನಲ್ಲ, ದೇಶದೊಳಗೆ ದಾರಿ ಹುಡುಕುವ ಒಂದು ಪ್ರಾಣಿಯ ಉಪಕರಣವನ್ನು.

ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಿಕೊಳ್ಳಬೇಕು. ‘ದೇಶ ಮಿದುಳಿನೊಳಗಿದೆ’ ಎಂಬ ಜನಪ್ರಿಯ ಮಾತು, ಸೂಚಿಸುವುದರ ಗುಣವನ್ನು ಸೂಚಿತವಾದದ್ದಕ್ಕೆ ಆರೋಪಿಸುತ್ತದೆ. ಪಕ್ಕಪಕ್ಕದಲ್ಲಿರುವ ಎರಡು ಸ್ಥಾನಕೋಶಗಳು ಪಕ್ಕಪಕ್ಕದ ಜಾಗಗಳನ್ನು ಸೂಚಿಸುವುದಿಲ್ಲ; ಊರಿನ ನಕ್ಷೆ ಕಾಗದದ ಮೇಲಿರುವಂತೆ ಹಿಪೊಕ್ಯಾಂಪಸ್ಸಿನ ಮೇಲೆ ಎಲ್ಲಿಯೂ ಬರೆದಿಲ್ಲ. ಹಣ್ಣಿನ ನೊಣದಲ್ಲಿ ದಿಕ್ಕಿನ ಕೋಶಗಳು ನಿಜಕ್ಕೂ ಉಂಗುರದಂತೆ ಜೋಡಿಸಲ್ಪಟ್ಟಿವೆ ಎಂದು 2015ರಲ್ಲಿ ಯೋಹಾನೆಸ್ ಸೀಲಿಗ್ ಮತ್ತು ವಿವೇಕ್ ಜಯರಾಮನ್ ತೋರಿಸಿದರು. ಇಲಿಯಲ್ಲಿ ಉಂಗುರವಿರುವುದು ಕೋಶಗಳ ಪರಸ್ಪರ ವ್ಯವಹಾರದಲ್ಲಿ, ಅವುಗಳ ಜಾಗದಲ್ಲಲ್ಲ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದೇ ಅಳತೆಯ ಜಾಲಕೋಶಗಳ ಒಟ್ಟು ಚಟುವಟಿಕೆಯನ್ನು ಗಣಿತದ ಕಣ್ಣಿನಿಂದ ನೋಡಿದಾಗ ದೊರೆತ ಆಕೃತಿ ಉದ್ದಿನವಡೆಯದು, ಅಂದರೆ ನಡುವೆ ತೂತಿರುವ ಬಳೆಯಂಥ ಮೇಲ್ಮೈ. ಚಪ್ಪಟೆಯಾದ ಅಂಗಳವನ್ನು ತಿಳಿಸುವುದು ಹೀಗೆ ಸುತ್ತಿಕೊಂಡ ಒಂದು ಲೆಕ್ಕ. ಅಂಗಳ ವಡೆಯಾಕಾರವೆಂದು ಇದರಿಂದ ಯಾರೂ ಹೇಳುವುದಿಲ್ಲ. ಅಂತೆಯೇ ಅಂಗಳ ತಲೆಯೊಳಗಿದೆ ಎಂದೂ ಹೇಳಬಾರದು.

ಹೊರಗಿನ ದೇಶದ ಸತ್ಯತ್ವವನ್ನೂ ಅದರ ಅರಿವಿನ ಸ್ವತಸ್ಸಿದ್ಧತೆಯನ್ನೂ ಒಟ್ಟಿಗೆ ಹಿಡಿದ ದರ್ಶನ ಕರ್ನಾಟಕದ ಕರಾವಳಿಯಲ್ಲಿ 13ನೆಯ ಶತಮಾನದಲ್ಲಿ ರೂಪುಗೊಂಡದ್ದು ಈ ಚರ್ಚೆಯಲ್ಲಿ ಸಲ್ಲಬೇಕಾದಷ್ಟು ಸಂದಿಲ್ಲ. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಆಕಾಶವನ್ನು ಎರಡಾಗಿ ಬಿಡಿಸುತ್ತಾರೆ: ಸೃಷ್ಟಿಯಲ್ಲಿ ಹುಟ್ಟುವ ಪಂಚಭೂತಗಳಲ್ಲೊಂದಾದ ಭೂತಾಕಾಶ ಒಂದು, ಹುಟ್ಟದ, ವಿಕಾರವಿಲ್ಲದ, ಅಂತವಿಲ್ಲದ ಅವ್ಯಾಕೃತಾಕಾಶ ಇನ್ನೊಂದು. ಎಡೆಕೊಡುವ ದೇಶವೆಂದರೆ ಈ ಎರಡನೆಯದು. ಅದು ವೈಶೇಷಿಕರು ಹೇಳಿದಂತೆ ಅನುಮಾನದಿಂದ ಸಿದ್ಧಿಸುವುದಲ್ಲ, ಕಣ್ಣು ಕಿವಿಗಳಿಂದ ತಿಳಿಯುವುದೂ ಅಲ್ಲ. ಜೀವನ ಸ್ವರೂಪವೇ ಆದ ಸಾಕ್ಷಿ ಎಂಬ ಇಂದ್ರಿಯಕ್ಕೆ ಅದು ನೇರವಾಗಿ ಗೋಚರ, ಕಾಲ ಮತ್ತು ಸುಖದುಃಖಗಳು ಗೋಚರವಾಗುವಂತೆಯೇ. ಜಯತೀರ್ಥರು ಮೊದಲಾದ ಟೀಕಾಕಾರರ ಕೈಯಲ್ಲಿ ವಿಸ್ತಾರಗೊಂಡ ಈ ಸಿದ್ಧಾಂತದಲ್ಲಿ ಮನಸ್ಸಿನ ತೀರ್ಮಾನಗಳು ತಪ್ಪಬಹುದು, ಸಾಕ್ಷಿಯವು ತಪ್ಪಲಾರವು. ಕಾಂಟನಂತೆ ಮಧ್ವರೂ ದೇಶದ ಅರಿವನ್ನು ಇಂದ್ರಿಯಾನುಭವದಿಂದ ಗಳಿಸಿದ್ದಲ್ಲವೆನ್ನುತ್ತಾರೆ. ಕಾಂಟ್ ಅಷ್ಟರಿಂದಲೇ ಅದು ಅರಿಯುವವನದು ಮಾತ್ರ ಎಂಬಲ್ಲಿಗೆ ಹಾರಿದರೆ, ಮಧ್ವರು ಹಾರುವುದಿಲ್ಲ. ಅರಿವು ಒಳಗಿನಿಂದ ಬಂದಿತೆಂಬುದು ಅರಿಯಲ್ಪಟ್ಟದ್ದು ಹೊರಗಿಲ್ಲವೆಂಬುದಕ್ಕೆ ಹೇತುವಾಗದು. ಈ ಒಂದು ಹೆಜ್ಜೆಯ ಸಂಯಮದಲ್ಲಿ ಕಾಂಟನಿಗಿಂತ ಮಧ್ವರ ತರ್ಕ ಹೆಚ್ಚು ಬಿಗಿಯಾಗಿದೆ.

ದಿಗ್ಭ್ರಮೆಯನ್ನು ಈ ವಾದದ ಬೆಳಕಿನಲ್ಲಿ ಬಿಡಿಸಿದರೆ, ‘ಇದು ಪೂರ್ವ’ ಎಂದು ತಪ್ಪಿದ್ದು ಮನಸ್ಸು. ‘ಯಾವುದೋ ಒಂದು ಕಡೆ ಪೂರ್ವವಿದೆ’ ಎಂಬ ಅರಿವಿಗೆ ಭ್ರಮೆ ತಾಗಿಯೇ ಇಲ್ಲ. ದಿಕ್ಕಿನ ವೃತ್ತ ಇಡಿಯಾಗಿ ಜಾರಿದರೂ ಕೋನಗಳು ಕೆಡುವುದಿಲ್ಲವೆಂಬ ಪ್ರಯೋಗದ ಫಲ ಈ ವಿಭಜನೆಗೆ ಸೊಗಸಾಗಿ ಹೊಂದುತ್ತದೆ. ಹೊಂದುತ್ತದೆ ಎಂಬಲ್ಲಿಗೆ ನಿಲ್ಲಿಸುವುದು ಕ್ಷೇಮ. ಛಾಂದೋಗ್ಯದ ದಹರವಿದ್ಯೆಯಲ್ಲಿ ಹೃದಯದೊಳಗಿನ ಪುಟ್ಟ ಆಕಾಶವು ಹೊರಗಿನ ಆಕಾಶದಷ್ಟೇ ವಿಸ್ತಾರವೆಂದು ಹೇಳಿದ್ದನ್ನು ಹಿಡಿದು ಋಷಿಗಳಿಗೆ ಜಾಲಕೋಶಗಳು ತಿಳಿದಿದ್ದವೆಂದು ಭಾಷಣ ಮಾಡುವವರಿಗೆ ಇಂದು ಕೊರತೆಯಿಲ್ಲ. ಅದರಿಂದ ಉಪನಿಷತ್ತಿಗೂ ಗೌರವ ಬರುವುದಿಲ್ಲ, ಪ್ರಯೋಗಕ್ಕೂ ಲಾಭವಿಲ್ಲ. ಸಾಕ್ಷಿ ಎಂಬುದು ನರಕೋಶಗಳ ಗುಂಪಲ್ಲ; ಕೋಶಗಳ ಉಂಗುರ ತಪ್ಪಲಾರದ್ದೇನೂ ಅಲ್ಲ, ಅದು ರೋಗಕ್ಕೂ ಮುಪ್ಪಿಗೂ ಒಳಪಟ್ಟದ್ದು.

ನಕ್ಷೆ ಎಂಬ ರೂಪಕ ಇನ್ನೊಂದು ಹಳೆಯ ಪ್ರಶ್ನೆಯನ್ನು ಹಿಂಬಾಗಿಲಿನಿಂದ ಕರೆತರುತ್ತದೆ. ನಕ್ಷೆಯಿದ್ದ ಮೇಲೆ ಅದನ್ನು ಓದುವವನು ಬೇಕು. ಮಿದುಳಿನ ನಕ್ಷೆಯನ್ನು ಓದುವವನು ಯಾರು? ಪ್ರಯೋಗಶಾಲೆಯಲ್ಲಿ ಅದನ್ನು ಓದುವವನು ಪ್ರಯೋಗಮಾಡುವವನೇ: ಯಾವ ಕೋಶ ಎಲ್ಲಿ ಮಿಡಿಯಿತೆಂದು ಹೊರಗಿನಿಂದ ಪಟ್ಟಿಮಾಡಿ, ಇಲಿಯನ್ನು ನೋಡದೆಯೇ ಅದು ಎಲ್ಲಿದೆಯೆಂದು ಹೇಳಬಲ್ಲವನು ಅವನು. ಆದುದರಿಂದ ನಕ್ಷೆಯಿರುವುದು ವಿಜ್ಞಾನಿಯ ಪುಸ್ತಕದಲ್ಲಿ, ಇಲಿಯೊಳಗಲ್ಲ ಎಂಬ ಆಕ್ಷೇಪಕ್ಕೆ ಬಹುಕಾಲ ಬಲವಿತ್ತು. 2020ರಲ್ಲಿ ಲಂಡನ್ನಿನ ಸಂಶೋಧಕರು ಸುಂಡಿಲಿಗೆ ನೀರು ದೊರೆಯುವ ಜಾಗವನ್ನು ಸೂಚಿಸುವ ಸ್ಥಾನಕೋಶಗಳನ್ನು ಬೆಳಕಿನ ಕಿರಣದಿಂದ ಕೃತಕವಾಗಿ ಮಿಡಿಸಿದಾಗ, ಅದು ಬೇರೆಲ್ಲೋ ಇದ್ದರೂ ಅಲ್ಲಿಯೇ ಇರುವಂತೆ ನಾಲಿಗೆ ಚಾಚಿ ನೆಕ್ಕತೊಡಗಿತು. ಕೋಶಗಳ ಮಿಡಿತ ಆ ಪ್ರಾಣಿಗೇ ಏನನ್ನೋ ಹೇಳುತ್ತಿದೆ ಎಂಬಷ್ಟು ಇದರಿಂದ ಸ್ಥಿರವಾಗುತ್ತದೆ. ಹೇಳಿಸಿಕೊಳ್ಳುವವನು ಯಾರೆಂಬುದು ಸ್ಥಿರವಾಗುವುದಿಲ್ಲ. ನಾಲಿಗೆಗೆ ಆಜ್ಞೆ ಹೋಗುವ ದಾರಿಯಲ್ಲಿ ಎಲ್ಲಿಯೂ ನಿಂತು ಓದುವವನಿಲ್ಲ, ಕೋಶದಿಂದ ಕೋಶಕ್ಕೆ ದಾಟುವ ಮಿಡಿತವಷ್ಟೇ ಇದೆ ಎಂದು ಬೌದ್ಧನು ಇಲ್ಲಿ ಮುಗುಳ್ನಕ್ಕಾನು. ಅಷ್ಟನ್ನೂ ಬೆಳಗಿಸುವ ಅರಿವೊಂದಿಲ್ಲದೆ ‘ಇಲ್ಲಿ’ ಎಂಬ ಅನುಭವವೇ ಇರದು ಎಂದು ವೇದಾಂತಿಯು ತಿರುಗಿ ಕೇಳಿಯಾನು. ಬೆಳಕಿನ ಕಿರಣ ಈ ಇಬ್ಬರ ನಡುವೆ ತೀರ್ಪು ಕೊಡುವ ಸಾಧನವಲ್ಲ.

ದೃಷ್ಟಾಂತ ಮತ್ತೆ ಕವಲೊಡೆಯುವುದು ಭ್ರಮೆ ನಿವಾರಣೆಯ ವಿಚಾರದಲ್ಲಿ. ಯುಕ್ತಿಯಿಂದ ದಿಗ್ಭ್ರಮೆ ಹೋಗದೆಂಬ ಸಾಂಖ್ಯಸೂತ್ರದ ಮಾತು ಅನುಭವಕ್ಕೆ ಸರಿಯಾದದ್ದೇ: ತೀರ್ಮಾನ ಬದಲಾದರೂ ವೃತ್ತ ತಿರುಗುವುದಿಲ್ಲ, ಒಂದು ಪರಿಚಿತ ಮೂಲೆ ಕಣ್ಣಿಗೆ ಬಿದ್ದ ಕ್ಷಣದಲ್ಲಿ ಮಾತ್ರ ಲೋಕ ಸದ್ದಿಲ್ಲದೆ ತನ್ನ ಜಾಗಕ್ಕೆ ಸರಿಯುತ್ತದೆ. ಅದ್ವೈತಿಗೆ ಈ ಹಠಾತ್ ತಿರುವೇ ಜ್ಞಾನೋದಯಕ್ಕೆ ಹೋಲಿಕೆ. ಆದರೆ ತಿರುಗಿದ ಮೇಲೂ ದಿಕ್ಕುಗಳು ಉಳಿಯುತ್ತವೆ, ಸರಿಯಾಗಿ ಉಳಿಯುತ್ತವೆ ಅಷ್ಟೆ; ದಿಕ್ಕುಗಳೇ ಇಲ್ಲದ ಸ್ಥಿತಿಯನ್ನು ಈ ಹೋಲಿಕೆ ತೋರಿಸಲಾರದೆಂದು ದ್ವೈತಿಯು ಎತ್ತಬಹುದಾದ ಆಕ್ಷೇಪಕ್ಕೆ ತೂಕವಿದೆ. ಹಗ್ಗದ ಹಾವು ಪೂರ್ತಿ ಮಾಯವಾಗುವುದರಿಂದ ಅದ್ವೈತದ ಗ್ರಂಥಗಳು ಅದನ್ನೇ ಹೆಚ್ಚು ನೆಚ್ಚಿದ್ದರಲ್ಲಿ ಅರ್ಥವಿದೆ. ಛಾಂದೋಗ್ಯದ ಆರನೆಯ ಅಧ್ಯಾಯದಲ್ಲಿ ಕಣ್ಣು ಕಟ್ಟಿ ನಿರ್ಜನ ಪ್ರದೇಶದಲ್ಲಿ ಬಿಡಲ್ಪಟ್ಟ ಗಾಂಧಾರದವನ ಪ್ರಸಂಗವನ್ನು ಉದ್ದಾಲಕನು ಹೇಳುತ್ತಾನೆ. ಕನಿಕರವುಳ್ಳ ಒಬ್ಬನು ಕಟ್ಟು ಬಿಚ್ಚಿ, ಗಾಂಧಾರ ಇರುವುದು ಈ ಕಡೆ ಎಂದು ಹೇಳುತ್ತಾನೆ. ಅವನು ಊರಿಂದೂರಿಗೆ ಕೇಳುತ್ತ ಗಾಂಧಾರವನ್ನು ಸೇರುತ್ತಾನೆ. ಗುರು ಎನಿಸಿಕೊಂಡವನು ಅಲ್ಲಿ ಕೊಟ್ಟದ್ದು ಊರನ್ನಲ್ಲ, ದಾರಿಯ ಪೂರ್ತಿ ವಿವರವನ್ನೂ ಅಲ್ಲ. ಬಿಚ್ಚಿದ ಕಣ್ಣು ಮತ್ತು ಒಂದು ದಿಕ್ಕು, ಅಷ್ಟೇ. ಉಳಿದ ನಕ್ಷೆಯನ್ನು ಅವನು ನಡೆದೇ ಮಾಡಿಕೊಳ್ಳಬೇಕಾಯಿತು. ಲಂಡನ್ನಿನ ಟ್ಯಾಕ್ಸಿ ಚಾಲಕರು ಸುಮಾರು 25,000 ಬೀದಿಗಳನ್ನು ವರ್ಷಗಟ್ಟಲೆ ಅಲೆದು ಕಲಿಯುತ್ತಾರೆ. 2000ದಲ್ಲಿ ಎಲೀನರ್ ಮ್ಯಾಗ್ವೈರ್ ಮತ್ತು ಸಂಗಡಿಗರು ಅವರ ಹಿಪೊಕ್ಯಾಂಪಸ್ಸಿನ ಹಿಂಭಾಗ ಇತರರಿಗಿಂತ ದೊಡ್ಡದಾಗಿರುವುದನ್ನು ಕಂಡದ್ದು ಊರಿಂದೂರಿಗೆ ಕೇಳಿಕೊಂಡು ಹೋಗುವುದರ ದೈಹಿಕ ಮುಖ.

ವೈಶೇಷಿಕರು ಹತ್ತಿರ–ದೂರಗಳನ್ನು ದಿಕ್ಕಿಗೂ ಕಾಲಕ್ಕೂ ಸಮನಾಗಿ ಹಂಚಿದ್ದರು: ಊರು ದೂರವಾಗುವಂತೆ ಬಾಲ್ಯವೂ ದೂರವಾಗುತ್ತದೆ. ಹಿಪೊಕ್ಯಾಂಪಸ್ಸಿನಲ್ಲಿಯೂ ಇವೆರಡೂ ಒಂದೇ ಸೂರಿನಡಿ ಇವೆ. 1953ರಲ್ಲಿ ಮೂರ್ಛೆರೋಗದ ಚಿಕಿತ್ಸೆಗೆಂದು ಹೆನ್ರಿ ಮೊಲೇಸನ್ ಎಂಬವನ ಮಿದುಳಿನಿಂದ ಆ ಭಾಗದ ಹೆಚ್ಚಿನಂಶವನ್ನು ಎರಡೂ ಕಡೆಗಳಿಂದ ತೆಗೆದ ಮೇಲೆ, 2008ರಲ್ಲಿ ಸಾಯುವವರೆಗೂ ಅವನಿಗೆ ಹೊಸ ದಿನಗಳ ನೆನಪು ಉಳಿಯಲಿಲ್ಲ. ಆಲ್ಝೈಮರ್ ಕಾಯಿಲೆಯ ಹಾನಿ ಬಹುಮಟ್ಟಿಗೆ ಆರಂಭವಾಗುವುದು ಎಂಟೊರೈನಲ್ ಕಾರ್ಟೆಕ್ಸಿನಲ್ಲಿ. ಮಾತು ಇನ್ನೂ ಚೆನ್ನಾಗಿರುವಾಗಲೇ ಹಿರಿಯರು ದಿನನಿತ್ಯದ ಬೀದಿಯಲ್ಲಿ ದಾರಿ ತಪ್ಪುವುದು ಅದರ ಮೊದಲ ಲಕ್ಷಣಗಳಲ್ಲೊಂದು. ಕಾಯಿಲೆ ಬಲಿತ ಮೇಲೆ ಕಾಣಿಸುವ ಇನ್ನೊಂದು ಲಕ್ಷಣ ಆರೈಕೆಮಾಡುವವರಿಗೆಲ್ಲ ಪರಿಚಿತವಾದದ್ದು: ನಲವತ್ತು ವರ್ಷ ಬಾಳಿದ ತಮ್ಮದೇ ಮನೆಯ ಹಜಾರದಲ್ಲಿ ಕುಳಿತ ರೋಗಿ, ಸಂಜೆಯಾಗುತ್ತಿದ್ದಂತೆ ಎದ್ದು, ಹೊತ್ತಾಯಿತು, ಮನೆಗೆ ಹೋಗಬೇಕು ಎನ್ನುತ್ತಾರೆ. ಯಾವ ಬೀದಿ, ಯಾವ ಊರು, ಎಷ್ಟು ದೂರ, ಯಾವುದೂ ಅವರಿಗೆ ತಿಳಿಯದು. ಮನೆ ಎಂಬುದೊಂದು ಯಾವುದೋ ದಿಕ್ಕಿನಲ್ಲಿ ಇದೆ ಎಂಬುದರಲ್ಲಿ ಮಾತ್ರ ಅವರಿಗೆ ಎಳ್ಳಷ್ಟೂ ಸಂಶಯವಿರುವುದಿಲ್ಲ.